ಹೂಂಗಿಡಕ್ಕೆ ಹೇಳಿದ ಸಾವು

ನಮ್ಮ ಊರಿನಲ್ಲಿ ಸುಳ್ಳು ಹೇಳುವವರು ಬೇರೆ ಊರುಗಳಲ್ಲಿ ಇದ್ದಷ್ಟೇ ಇದ್ದಾರೆ. ಜಾಗ ನೋಡಿಕೊಂಡು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಮೀನು ಮಾರುಕಟ್ಟೆಯಲ್ಲಿ ಹೇಳಬಹುದು. ಮದುವೆ ಮಾತುಕತೆಯಲ್ಲಿ ಹೇಳಲೇಬೇಕು. ನಾನು ನೋಡಿಕೊಳ್ಳುವ ವಾಚನಾಲಯದ ಬೆಂಚಿನಲ್ಲಿ ಕೂತು ಯಾರೂ ಹೇಳದಿದ್ದರೆ ನನಗೇ ಬೇಸರವಾಗುತ್ತದೆ. ಹೂಂಗಿಡದ ಮುಂದೆ ಮಾತ್ರ ಯಾರೂ ಹೇಳುವುದಿಲ್ಲ. ಶೇಷಪ್ಪ ಹೇಳಿದ. ಅದೂ ತನ್ನ ಅತ್ತೆ ತೀರಿಕೊಂಡರೆಂದು.

ಹೂಂಗಿಡ ನೋಡುವುದಕ್ಕೆ ಅಂಥ ವಿಶೇಷವೇನಲ್ಲ. ಸೊಂಟದೆತ್ತರದ ಪೊದೆ, ಕಿವಿಯ ಹಾಗೆ ಮಡಚಿಕೊಂಡ ದಪ್ಪ ಎಲೆ, ಆಡು ಕೂಡ ಮೂಸಿ ಮುಂದೆ ಹೋಗುವಂಥ ಗಿಡ. ಅಳಿವೆಯಿಂದ ಹಳೆಯ ದೀಪಸ್ತಂಭದ ಬುಡದವರೆಗಿನ ನಮ್ಮ ಮರಳಪಟ್ಟಿಯಲ್ಲಿ, ಮನೆಗೊಂದರಂತೆ, ಕಡಲಿಗೆ ಮುಖಮಾಡಿ ನಿಂತಿದೆ. ಅದು ಬಿಟ್ಟರೆ ಲೋಕದಲ್ಲಿ ಎಲ್ಲಿಯೂ ಇಲ್ಲ. ಇದನ್ನು ನಮಗೆ ತಿಳಿಸಿದವರು ಸಸ್ಯಶಾಸ್ತ್ರದ ಪ್ರೊಫೆಸರರೊಬ್ಬರು. ಒಳ್ಳೆಯ ಮನುಷ್ಯ. ಗಿಡಕ್ಕೆ ಎರಡು ತುಂಡಿನ ಹೆಸರಿಟ್ಟು, ಸಸಿಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ದೋಣಿ ಹತ್ತಿದರು. ನಡುಹೊಳೆಯಲ್ಲೇ ಅದು ಒಣಗಿ ಪುಡಿಯಾಯಿತು. ಸ್ಥಳಾಂತರಕ್ಕೆ ಒಗ್ಗುವುದಿಲ್ಲ ಎಂದು ಆಮೇಲೆ ಬರೆದರಂತೆ. ನಮ್ಮ ಊರಿನ ಹೆಚ್ಚಿನವರ ಬಗ್ಗೆಯೂ ಇದೇ ಮಾತನ್ನು ಬರೆಯಬಹುದಿತ್ತು.

ಆ ಗಿಡಗಳ ಬೇರು ಹಿಡಿದುಕೊಂಡಷ್ಟು ಮರಳೇ ನಮ್ಮ ಊರು. ಬೇರಿನ ಹಿಡಿತ ತಪ್ಪಿದಲ್ಲಿಂದ ಮುಂದೆ ಕಡಲು. ಹಾಗಾಗಿ ಸಂಜೆ ದೀಪ ಹಚ್ಚುವ ಮೊದಲು ಪ್ರತಿ ಮನೆಯಿಂದ ಒಬ್ಬರು ತಮ್ಮ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮನೆಯ ಸುದ್ದಿ ಹೇಳುತ್ತಾರೆ. ಗಿಡ "ಹೂಂ" ಅನ್ನುತ್ತದೆ, ಕಥೆ ಕೇಳುತ್ತ ಅರೆನಿದ್ದೆಗೆ ಜಾರಿದ ಮಗು ಅನ್ನುವ ಹಾಗೆ. ಹೂಂ ಬಂದರೆ ಬೇರು ಇನ್ನೊಂದು ಹಿಡಿ ಮರಳನ್ನು ಬಿಗಿಹಿಡಿಯಿತು ಎಂದು ಅರ್ಥ. ಪತ್ರಿಕೆಯ ಸುದ್ದಿ ನಡೆಯುವುದಿಲ್ಲ. ನನಗಿಂತ ಹಿಂದೆ ವಾಚನಾಲಯದಲ್ಲಿದ್ದವರು ಸಂಪಾದಕೀಯ ಓದಿ ನೋಡಿದರಂತೆ. ಗಿಡ ಎಲೆ ಅಲ್ಲಾಡಿಸಲಿಲ್ಲ. ಮನೆಯ ಮಾತೇ ಆಗಬೇಕು. ಬೆಕ್ಕು ಮರಿ ಹಾಕಿತು, ಅತ್ತಿಗೆ ಮಾತು ಬಿಟ್ಟಳು, ಹೆಂಚು ಒಡೆಯಿತು. ಇನ್ನೊಂದು ಮನೆಯ ಗಿಡದ ಬಳಿ ಹೋಗಿ ಮಾತಾಡುವುದು ಮಾತ್ರ ಇನ್ನೊಬ್ಬರ ಅಡಿಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ. ಯಾರೂ ಮಾಡುವುದಿಲ್ಲ.

ಮಳೆ ನಿಂತು ಉಪ್ಪುಗಾಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಎಲ್ಲ ಗಿಡಗಳೂ ಒಟ್ಟಿಗೆ ಹೂ ಬಿಡುತ್ತವೆ. ಆ ಹೊತ್ತಿಗೆ, ವರ್ಷವಿಡೀ ಗಿಡಕ್ಕೆ ಹೇಳಿದ್ದು ನಿಜವಾಗಿರಬೇಕು. ಆಗಿರದಿದ್ದರೆ ಆ ಗಿಡ ಹೂ ಬಿಡುವುದಿಲ್ಲ, ಹಿಡಿದ ಮರಳು ಬಿಡುತ್ತದೆ. ಹಿಂದೊಮ್ಮೆ ಭಂಡಾರಿಯೊಬ್ಬ ಜಂಬಕ್ಕೆ "ಹಸು ತಂದೆ" ಎಂದುಬಿಟ್ಟು, ಮರುದಿನವೇ ಹೊಳೆ ದಾಟಿ ಮೂರು ಮೊಲೆಯ ಮುದಿ ಹಸುವನ್ನು ಕೈಮುಗಿದು ಬೇಡಿ ಹಿಡಿದುಕೊಂಡು ಬಂದ. ಇನ್ನೊಮ್ಮೆ ಮುಖ್ಯೋಪಾಧ್ಯಾಯರು ಮಕ್ಕಳೆಲ್ಲ ಪಾಸು ಎಂದರು. ಶಾಲೆ ಇದ್ದ ಜಾಗದಲ್ಲಿ ಈಗ ಒಳ್ಳೆ ಬಂಗುಡೆ ಮೀನು ಸಿಗುತ್ತದೆ.

ಸಾಲಿನ ಮೂಲೆಯಲ್ಲಿದ್ದದ್ದು ದುಗ್ಗಮ್ಮಕ್ಕನ ಕಟ್ಟಡ. ಕೆಳಗೆ ಎದುರಿಗೆ ಅಳಿಯ ಶೇಷಪ್ಪನ ಜಿನಸಿ ಅಂಗಡಿ, ಹಿಂದೆ ಅವರ ಮನೆ, ಮೇಲೆ ವಾಚನಾಲಯ ಮತ್ತು ನನ್ನ ಕೋಣೆ. ಎಲ್ಲಕ್ಕೂ ಸೇರಿ ಒಂದೇ ಗಿಡ. ದುಗ್ಗಮ್ಮಕ್ಕನಿಗೆ ಎಂಬತ್ತು ದಾಟಿತ್ತು. ಗಂಡ ಕಡಲಿಗೆ ಹೋಗಿ ಹಿಂತಿರುಗದ ದಿನದಿಂದ ಬಿಳಿ ಸೀರೆ, ಹೂವಿಲ್ಲದ ಬರಿ ತಲೆ. ಮಧ್ಯಾಹ್ನ ನನ್ನನ್ನು ಕೆಳಗೆ ಕರೆದು ಚೆನ್ನೆಮಣೆ ಆಡುತ್ತಿದ್ದರು. ಮೋಸ ಮಾಡುತ್ತಿದ್ದರು. ನಾನು ಹಿಡಿದರೆ, "ಕಣ್ಣು ಕಾಣುದಿಲ್ಲ ಮಾಷ್ಟ್ರೇ" ಅನ್ನುತ್ತಿದ್ದರು; ನನ್ನ ಅಂಗಿಯ ತೋಳಿನಲ್ಲಿ ಹೊಲಿಗೆ ಬಿಟ್ಟದ್ದು ಮಾತ್ರ ಮಣೆಯಾಚೆಯಿಂದಲೇ ಕಾಣುತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಹೊಳೆಯಾಚೆಯ ಡಾಕ್ಟರು ಬಂದು ನಾಡಿ ಹಿಡಿದು, ಮಗಳು ಜಲಜನ ಮುಖ ನೋಡಿ, ನೆಲ ನೋಡಿ, ಚಪ್ಪಲಿ ಹಾಕಿಕೊಂಡರು. ಸಂಜೆ ಶೇಷಪ್ಪ ಗಿಡದ ಮುಂದೆ ಕೂತ. ನಾನು ಮೇಲೆ ಕಿಟಕಿ ಮುಚ್ಚುತ್ತಿದ್ದೆ. ಅವನೇನು ಹೇಳಿದನೋ ಕೇಳಲಿಲ್ಲ, ಗಿಡದ ಹೂಂ ಕೇಳಿತು. ಯಾವತ್ತಿನಂತಲ್ಲ, ಉದ್ದ ಹೂಂ.

ಬೆಳಿಗ್ಗೆ ದುಗ್ಗಮ್ಮಕ್ಕ ಎದ್ದು ಕೂತು ಗಂಜಿ ಕೇಳಿದರು. ಜೊತೆಗೆ ಮಿಡಿ ಉಪ್ಪಿನಕಾಯಿ. ಅದು ಹಳತಾಗಿದೆಯೆಂದು ಮಗಳನ್ನು ಬೈದರು.

ಶೇಷಪ್ಪ ಮೆಟ್ಟಿಲು ಹತ್ತಿ ನನ್ನಲ್ಲಿಗೆ ಬಂದ. ಮುಖ ಒಗೆದ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು.

"ಮಾಷ್ಟ್ರೇ, ಒಂದು ಎಡವಟ್ಟಾಯ್ತು."

"ಅತ್ತೆ ಹುಷಾರಾದ್ರಲ್ಲ."

"ಅದೇ ಎಡವಟ್ಟು." ಬೆಂಚಿನ ಮೇಲೆ ಕುಸಿದ. "ನಿನ್ನೆ ಗಿಡಕ್ಕೆ ಹೇಳಿ ಆಗಿದೆ. ತೀರಿಕೊಂಡ್ರು ಅಂತ."

"ಯಾಕೆ ಮಾರಾಯ?"

"ಬೇರೆ ಸುದ್ದಿ ಇರ್ಲಿಲ್ಲ. ಅಂಗಡಿಯಲ್ಲಿ ಗಿರಾಕಿ ಕಾಯ್ತಾ ಇದ್ರು. ಹೇಗೂ ಬೆಳಗಾಗುವಷ್ಟರಲ್ಲಿ ಆಗ್ತದೆ ಅಂತ ಅಂದಾಜು ಮಾಡಿದೆ. ಡಾಕ್ಟ್ರು ಚಪ್ಪಲಿ ಹಾಕಿದ ರೀತಿ ನೀವೇ ನೋಡಿದ್ದೀರಲ್ಲ!"

ನೋಡಿದ್ದೆ. ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ಸುದ್ದಿ ಊರಿಗೆಲ್ಲ ಹರಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ನಮ್ಮವರು ಮರ್ಯಾದಸ್ಥರು. ಆದರೆ ಮೂಲೆಯ ಗಿಡ ಹೋದರೆ ಪಕ್ಕದ್ದು ನಿಂತೀತೆ, ಪಕ್ಕದ್ದು ಹೋದರೆ ಅದರ ಪಕ್ಕದ್ದು ಎಂದು ಪ್ರತಿಯೊಬ್ಬನೂ ತನ್ನ ಮನೆಯವರೆಗೆ ಯೋಚಿಸಿ ಬಂದ. ಕಡಲ ಕಡೆ ನಡೆದುಹೋಗುವವರು ಮೂಲೆಗೆ ಬಂದಾಗ ಹೆಜ್ಜೆ ಹಗುರ ಮಾಡತೊಡಗಿದರು. ನಾನೂ ಮೇಲೆ ನಡೆಯುವಾಗ ಹಿಮ್ಮಡಿ ಊರುತ್ತಿರಲಿಲ್ಲ. ಓದುತ್ತಿದ್ದವರು ಪತ್ರಿಕೆಯ ಪುಟ ಮಗುಚದೆ ಕೂತು, ಕೆಳಗೆ ಮರಳು ಸರಿದ ಸದ್ದೇ ಎಂದು ಕಿವಿಗೊಡುತ್ತಿದ್ದರು. ಒಮ್ಮೆ ಬೆಕ್ಕು ಕಾಳಿನ ಚೀಲದಿಂದ ಹಾರಿದ್ದಕ್ಕೆ ಮೂವರು ಓದುಗರು ಬೀದಿಗೆ ಓಡಿದರು.

ಜೊತೆಗೆ ದುಗ್ಗಮ್ಮಕ್ಕನ ಮೇಲೆ ಊರಿನ ಪ್ರೀತಿ ಹೆಚ್ಚಿತು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತು. ಮನೆಮನೆಯಿಂದ ಹಲ್ವ ಬಂತು. ಗುರಿಕಾರ ಬಾಬಣ್ಣ ನಮ್ಮ ಊರಿನ ಹಿರಿಯ, ಪಂಚಾಯ್ತಿಕೆ ಅವನದೇ. ಅವನ ಮನೆಯಿಂದ ಎರಡು ಸಲ ಬಂತು, ಎರಡನೆಯ ಸಲ ತುಪ್ಪ ಜಾಸ್ತಿ ಇತ್ತು. ಯಾರಾದರೂ "ಹೇಗಿದ್ದೀರಿ ದುಗ್ಗಮ್ಮಕ್ಕ?" ಎಂದು ಕೇಳಿ, "ಗಟ್ಟಿ ಉಂಟು" ಎಂಬ ಉತ್ತರ ಬಂದಾಗ, ಕೇಳಿದವರ ಮುಖದಲ್ಲಿ ಒಂದು ಕ್ಷಣ ಏನೋ ಬಂದು ಹೋಗುತ್ತಿತ್ತು. ಆಮೇಲೆ "ಹಾಗೇ ಇರಿ" ಅನ್ನುತ್ತಿದ್ದರು.

ದುಗ್ಗಮ್ಮಕ್ಕನಿಗೆ ಗೊತ್ತಾಗಿದೆಯೆಂದು ನನಗೆ ಗೊತ್ತಾದದ್ದು ಚೆನ್ನೆಮಣೆಯ ಮುಂದೆ. ಕಾಯಿ ಹಂಚುತ್ತ ಹೇಳಿದರು: "ಈ ಊರಲ್ಲಿ ಬದುಕಿದವರಿಗೆ ಹಲ್ವ ಕೊಟ್ಟದ್ದು ನಾನು ಕಂಡದ್ದಿಲ್ಲ. ಯಾರು ಹೇಳಿದ್ದು ನಾನು ಸತ್ತೆ ಅಂತ? ಶೇಷಪ್ಪನಾ?"

ನಾನು ಮಣೆಯ ಗುಳಿ ನೋಡಿದೆ.

"ನೀವು ಹೇಳುದು ಬೇಡ. ಜಲಜ ನಿನ್ನೆ ನನ್ನ ತಲೆಗೆ ಎಣ್ಣೆ ಹಾಕುವಾಗ ಕಣ್ಣೀರು ಹಾಕಿದ್ಲು. ಎಣ್ಣೆ ಯಾವುದು ನೀರು ಯಾವುದು ಅಂತ ನನಗೆ ಗೊತ್ತಾಗ್ತದೆ." ಅವರು ನನ್ನ ಗುಳಿಯಿಂದ ಎರಡು ಕಾಯಿ ಹೆಚ್ಚಿಗೆ ಎತ್ತಿಕೊಂಡರು, ನಾನು ಹಿಡಿಯಲಿಲ್ಲ. "ನನಗೆ ಸಾಯ್ಲಿಕ್ಕೆ ಬೇಜಾರಿಲ್ಲ ಮಾಷ್ಟ್ರೇ. ಇನ್ನೊಬ್ಬರ ಅಂದಾಜಿಗೆ ಸರಿಯಾಗಿ ಸಾಯ್ಲಿಕ್ಕೆ ಬೇಜಾರು."

"ಹಾಗೆ ಯಾರೂ ಬಯಸುದಿಲ್ಲ ದುಗ್ಗಮ್ಮಕ್ಕ."

"ಇಲ್ವಾ?" ಅವರು ತಲೆಯೆತ್ತಿ ನನ್ನನ್ನೇ ನೋಡಿದರು. "ಒಲೆಯಲ್ಲಿ ಬೂದಿ ಖಾಲಿಯಾಯ್ತಾ ಮಾಷ್ಟ್ರೇ?"

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ದುಗ್ಗಮ್ಮಕ್ಕನೂ ದಿನಾ ಇಳಿಯುವ ಹಿತ್ತಲಿನ ಬಾವಿಯ ಕಲ್ಲುಮೆಟ್ಟಿಲುಗಳಿಗೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಅದರ ಮೇಲೆ ಬೂದಿ ಎರಚುವುದು ವರ್ಷಗಳಿಂದ ನನ್ನ ಕೆಲಸ. ಯಾರೂ ಹೇಳಿದ್ದಲ್ಲ, ನೀರು ಸೇದಲು ಹೋಗುವ ಮೊದಲು ಒಂದು ಹಿಡಿ ಎರಚಿ ಹೋಗುತ್ತಿದ್ದೆ. ಎಂದಿನಿಂದ ನಿಲ್ಲಿಸಿದ್ದೆನೋ ನನಗೆ ನೆನಪಿರಲಿಲ್ಲ. ನಿಲ್ಲಿಸಬೇಕೆಂದು ನಿಲ್ಲಿಸಿದ್ದಲ್ಲ. ನಾನು ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟು ಜಾಗ್ರತೆಯಿಂದ ಇಳಿಯುತ್ತಿದ್ದೆ, ಅಷ್ಟೆ. ಹೆಚ್ಚಿಗೆ ಎತ್ತಿದ ಆ ಎರಡು ಕಾಯಿ ಇಲ್ಲದಿದ್ದರೂ ಆ ಆಟ ಅವರೇ ಗೆಲ್ಲುತ್ತಿದ್ದರು.

ಗಿಡಗಳಲ್ಲಿ ಮೊಗ್ಗು ಕಾಣಿಸಿಕೊಂಡಿತು. ಮೂಲೆಯ ಗಿಡದಲ್ಲಿ ಮಾತ್ರ ಇಲ್ಲ. ಅದರ ಎಲೆಗಳ ಮಡಿಕೆ ಸಡಿಲಾಗಿ, ಬಿಚ್ಚಿದ ಅಂಗೈಯ ಹಾಗೆ ಕಾಣತೊಡಗಿತು. ಬುಡದಲ್ಲಿ ಮರಳು ಒಣಗಿ, ಗಾಳಿಯಿಲ್ಲದಾಗಲೂ ಸಣ್ಣಗೆ ಜಾರುತ್ತಿತ್ತು. ಶೇಷಪ್ಪ ದಿನಕ್ಕೆ ಹತ್ತು ಸಲ ಹೋಗಿ ಅದನ್ನು ಕೈಯಿಂದ ಮೇಲಕ್ಕೆ ಬಾಚುತ್ತಿದ್ದ.

ಗುರಿಕಾರ ಸಭೆ ಕರೆದ. ದೋಣಿಕಟ್ಟೆಯ ದುರಸ್ತಿಯ ಬಗ್ಗೆ ಎಂದು ಡಂಗುರ. ದುರಸ್ತಿಯ ಹೆಸರು ಹೇಳಿದರೆ ನಾಲ್ಕು ಜನ ಬರುವುದು ಕಷ್ಟ. ಆ ದಿನ ಊರಿಗೆ ಊರೇ ವಾಚನಾಲಯಕ್ಕೆ ಬಂತು. ನೆಲ ತಡೆದೀತೇ ಎಂಬ ಹೆದರಿಕೆಗೆ ಎಲ್ಲರೂ ಗೋಡೆಗೆ ಅಂಟಿಕೊಂಡು ಕೂತರು. ಜಲಜ ಬರಲಿಲ್ಲ. ಶೇಷಪ್ಪ ಬಾಗಿಲ ಬಳಿ ತಲೆ ತಗ್ಗಿಸಿ ನಿಂತ.

"ದೋಣಿಕಟ್ಟೆ ಹಾಳಾಗಿದೆ," ಎಂದ ಗುರಿಕಾರ.

"ಹಾಳಾಗಿದೆ," ಎಂದಿತು ಊರು.

"ಹಳೇ ಕಲ್ಲು. ಎಷ್ಟು ದಿನ ಅಂತ ನಿಲ್ತದೆ? ಅದರ ಆಯುಷ್ಯ ಮುಗಿದಿದೆ. ಆದ್ರೆ ನಾವಾಗಿ ಕೆಡವ್ಲಿಕ್ಕೆ ಆಗ್ತದಾ? ಆಗುದಿಲ್ಲ. ಪಾಪ ಬರ್ತದೆ."

ದೋಣಿ ನಡೆಸುವ ಹಸನಬ್ಬನಿಗೆ ತಡೆಯಲಾಗಲಿಲ್ಲ. "ಬಾಬಣ್ಣ, ಕಟ್ಟೆ ನನ್ನದು, ಸರಿ ಉಂಟು. ನೀವು ದುಗ್ಗಮ್ಮಕ್ಕನ ವಿಷಯ ಮಾತಾಡಿ."

ಅಲ್ಲಲ್ಲಿ ಕೆಮ್ಮು. ಆಮೇಲೆ ಮೂಲೆಯಿಂದ ಭಂಡಾರಿ, ಅದೇ ಹಸುವಿನ ಭಂಡಾರಿ, ಅಂದ: "ಬೊಜ್ಜ ಮಾಡಿ ಬಿಡುವ. ಸತ್ತವರಿಗೆ ಮಾಡುವ ಎಲ್ಲ ಕ್ರಮ ಮಾಡುವ. ಊಟಕ್ಕೆ ಅವರನ್ನೂ ಕರೆಯುವ, ಬೇಕಾದ್ರೆ ಮೊದಲನೇ ಪಂಕ್ತಿಯಲ್ಲೇ."

"ಗಿಡಕ್ಕೆ ಬೊಜ್ಜ ಯಾಕೆ? ಅದಕ್ಕೆ ಬೇಕಾದದ್ದು ಹೆಣ."

"ಎಂತ ಮಾತು ಮಾರಾಯ!"

"ನಾನು ನನ್ನ ಮಾತು ಹೇಳಿದ್ದಲ್ಲ, ಗಿಡದ ಮಾತು ಹೇಳಿದ್ದು."

"ಅವರಿಗೂ ವಯಸ್ಸಾಯ್ತು. ಒಂದು ಮಾತು ಕೇಳಿ ನೋಡಿದ್ರೆ..." ಎಂದಿತು ಒಂದು ಹೆಣ್ಣುಧ್ವನಿ. ಏನು ಕೇಳಿ ನೋಡುವುದೆಂದು ಆಕೆ ಹೇಳಲಿಲ್ಲ, ಯಾರೂ ವಿಚಾರಿಸಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವರೊಂದಿಗೆ ದಿನವೂ ಆಡುವವನು, ಓದಿದವನು. ಇಂಥದ್ದನ್ನು ಮೆತ್ತಗೆ ಹೇಳುವ ರೀತಿ ಪುಸ್ತಕದಲ್ಲಿ ಇರುತ್ತದೆಂದು ಅವರ ನಂಬಿಕೆ. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಈಗಲೂ ಗೊತ್ತಿಲ್ಲ.

ಆಗ ಹೊರಗೆ ಕೇಳಿತು.

"ಹೂಂ."

ದೂರದಲ್ಲಿ, ದೀಪಸ್ತಂಭದ ಕಡೆ. ಸಂಜೆಗೆ ಇನ್ನೂ ಬಹಳ ಹೊತ್ತಿತ್ತು. ಮನೆಗಳಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಇಲ್ಲಿದ್ದರು. ಸ್ವಲ್ಪ ಬಿಟ್ಟು ಇನ್ನೊಂದು ಹೂಂ, ಸ್ವಲ್ಪ ಹತ್ತಿರದಲ್ಲಿ. ಮತ್ತೊಂದು. ಪ್ರತಿ ಗಿಡದ ಧ್ವನಿ ಅದರದರ ಮನೆಯವರಿಗೆ ಗೊತ್ತು. ಹಸನಬ್ಬ ಸೆಟೆದು ಕೂತ: "ಇದು ನಮ್ಮದು!" ಭಂಡಾರಿಯ ಹೆಂಡತಿ ಎದೆಗೆ ಕೈಯಿಟ್ಟುಕೊಂಡಳು. ಹೂಂಗಳು ಸಾಲು ಹಿಡಿದು, ಒಂದನ್ನೂ ಬಿಡದೆ, ನಿಧಾನವಾಗಿ ನಮ್ಮತ್ತ ಬರುತ್ತಿದ್ದವು. ನಡುವೆ ಯಾರೋ ದಣಿವಾರಿಸಿಕೊಳ್ಳುವಷ್ಟು ಬಿಡುವು. ಯಾರಿಗೂ ಏಳುವ ಧೈರ್ಯ ಬರಲಿಲ್ಲ. ಕೊನೆಗೆ ಗುರಿಕಾರನ ಗಿಡ, ಪಕ್ಕದ ಮನೆಯದು, ಹೂಂ ಎಂದಿತು. ಆಮೇಲೆ ಕೆಳಗೆ ಮೆಟ್ಟಿಲಲ್ಲಿ ಕೋಲಿನ ಸದ್ದು.

ದುಗ್ಗಮ್ಮಕ್ಕ ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡರು. ಸೀರೆಯ ಅಂಚಿಗೆ ಮರಳು. ಶೇಷಪ್ಪನನ್ನು ಕೋಲಿನಿಂದ ಸರಿಸಿ ಒಳಗೆ ಬಂದು ಬೆಂಚಿನಲ್ಲಿ ಕೂತರು.

"ಎಲ್ಲರೂ ಇದ್ದೀರಲ್ಲ, ಒಳ್ಳೆದಾಯ್ತು. ನಿಮ್ಮ ನಿಮ್ಮ ಗಿಡಕ್ಕೆ ಒಂದು ಮಾತು ಹೇಳಿ ಬಂದೆ."

"ನಮ್ಮ ಗಿಡಕ್ಕಾ?" ಗುರಿಕಾರನ ಧ್ವನಿ ಒಡೆಯಿತು. "ಇನ್ನೊಬ್ಬರ ಗಿಡಕ್ಕೆ ಹೇಳುದುಂಟಾ ದುಗ್ಗಮ್ಮಕ್ಕ? ಇದು ಎಂತ ಕ್ರಮ?"

"ಇನ್ನೊಬ್ಬರ ಸಾವಿಗೆ ಸಭೆ ಸೇರುವ ಕ್ರಮ ಉಂಟಲ್ಲ, ಅದೇ ಕ್ರಮ."

"ಎಂತ ಹೇಳಿದ್ದು?" ಎಂದು ನಾನೇ ಕೇಳಿದೆ.

"ಹೆಚ್ಚೇನಿಲ್ಲ ಮಾಷ್ಟ್ರೇ. ಹೂ ಬಿಟ್ಟ ದಿನ ಬೆಳಿಗ್ಗೆ ದುಗ್ಗಮ್ಮ ಬಂದು ನಿನ್ನದೊಂದು ಹೂ ಕಿತ್ತು ತಲೆಗೆ ಮುಡೀತಾಳೆ ಅಂತ. ಅಷ್ಟೇ. ಎಲ್ಲವೂ ಹೂಂ ಅಂದ್ವು. ಪಾಪದ ಗಿಡಗಳು."

ಲೆಕ್ಕ ಎಲ್ಲರ ತಲೆಯಲ್ಲೂ ಒಂದೇ ಹೊತ್ತಿಗೆ ಮುಗಿಯಿತು. ದುಗ್ಗಮ್ಮಕ್ಕ ಬದುಕಿದರೆ ಮೂಲೆಯ ಗಿಡ ಹೋಗುತ್ತದೆ. ಸತ್ತರೆ ಮೂಲೆಯದು ಬಿಟ್ಟು ಉಳಿದ ಎಲ್ಲವೂ ಹೋಗುತ್ತವೆ.

"ಗಂಡ ಇಲ್ಲದವರು ಹೂ ಮುಡಿಯುದಾ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಬಾಯಿ ಮುಚ್ಚು ಮಾರಾಯ!" ಗುರಿಕಾರ ಎದ್ದೇ ನಿಂತ. "ಮುಡೀಲಿ. ಬೇಕಾದ್ರೆ ಎರಡೆರಡು ಮುಡೀಲಿ. ದುಗ್ಗಮ್ಮಕ್ಕ, ಆ ಬೆಂಚು ಅಲ್ಲಾಡ್ತದೆ, ನೀವು ಇಲ್ಲಿ ಕುರ್ಚಿಯಲ್ಲಿ ಕೂತ್ಕೊಳ್ಳಿ."

ಮರುದಿನ ಬೆಳಿಗ್ಗೆ ನಾನು ಬೂದಿ ಹಿಡಿದು ಹಿತ್ತಲಿಗೆ ಹೋದರೆ ಮೆಟ್ಟಿಲ ಮೇಲೆ ಆಗಲೇ ಮೂರು ಮನೆಯ ಬೂದಿ ಬಿದ್ದಿತ್ತು. ಹಲ್ವ ಕೊಟ್ಟವರು ಬಂದು ಉಳಿದ ಹಲ್ವ ವಾಪಸು ತೆಗೆದುಕೊಂಡು ಹೋದರು. ಹಾಗಲಕಾಯಿ ಬಂತು, ಮೆಂತೆಗಂಜಿ ಬಂತು, ಹೊಳೆಯಾಚೆಯ ಡಾಕ್ಟರು ದಿನ ಬಿಟ್ಟು ದಿನ ಬಂದರು. ಅವರು ಚಪ್ಪಲಿ ಹಾಕಿಕೊಳ್ಳುವುದನ್ನು ನೋಡಲು ಬಾಗಿಲಲ್ಲಿ ಜನ ನಿಲ್ಲುತ್ತಿದ್ದರು. ದುಗ್ಗಮ್ಮಕ್ಕ ಒಮ್ಮೆ ಸೀನಿದ್ದಕ್ಕೆ ಗುರಿಕಾರ ಊರಿನಲ್ಲಿ ಒಣಮೆಣಸು ಹುರಿಯುವುದನ್ನೇ ನಿಲ್ಲಿಸಿದ.

ಅವರು ಸಾಯಲಿ ಎಂದು ಬಯಸಲು ಕಾರಣವಿದ್ದವರು ಊರಿನಲ್ಲಿ ಈಗ ಇಬ್ಬರೇ ಉಳಿದೆವು, ಶೇಷಪ್ಪ ಮತ್ತು ನಾನು. ಊರು ಅದನ್ನು ಮರೆಯಲಿಲ್ಲ. ಅವನು ಅತ್ತೆಗೆ ಒಂದು ಲೋಟ ನೀರು ಕೊಡಹೋದರೆ ಯಾರಾದರೂ ಬಂದು ಅದನ್ನು ಮೊದಲು ತಾವು ಕುಡಿಯುತ್ತಿದ್ದರು. "ಅತ್ತೆ ಅಂದ್ರೆ ನನಗೆ ಜೀವ," ಎಂದು ಅವನು ಹೇಳಿದಷ್ಟೂ ಕಾವಲು ಬಿಗಿಯಾಯಿತು. ಚೆನ್ನೆಮಣೆ ಆಡುವಾಗ ನನ್ನ ಬೆನ್ನ ಹಿಂದೆಯೂ ಒಬ್ಬರು ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಕಾವಲಿನವಳು ತೂಕಡಿಸುತ್ತಿದ್ದಾಗ ಕೇಳಿದೆ: "ನಿಮ್ಮ ಮನೆಯೂ ಹೋಗ್ತದಲ್ಲ ದುಗ್ಗಮ್ಮಕ್ಕ?"

"ಹೋಗ್ತದೆ." ಅವರು ಕಾಯಿಗಳನ್ನು ಗುಳಿಗೆ ಒಂದೊಂದಾಗಿ ಹಾಕಿದರು. "ಅವರು ಕಟ್ಟಿಸಿದ ಮನೆ. ಹೆಂಚು ಹೊದೆಸಿದ ಮಳೆಗಾಲದಲ್ಲೇ ಅವರು ಹೋದದ್ದು. ಬೇಜಾರಿಲ್ಲ ಅಂತ ನಾನು ಗಿಡಕ್ಕೆ ಹೇಳ್ಲಿಕ್ಕಿಲ್ಲ." ಖಾಲಿಯಾದ ಕೈಯನ್ನು ಸೀರೆಗೆ ಒರೆಸಿಕೊಂಡರು. "ಮನೆಯೂ ನನ್ನದು, ಸಾವೂ ನನ್ನದು. ಎರಡರಲ್ಲಿ ಯಾವುದು ಮೊದಲು ಹೋಗ್ಬೇಕು ಅಂತ ಹೇಳುವವ ಶೇಷಪ್ಪನಾ? ಆಡಿ, ನಿಮ್ಮ ಸರದಿ."

ಅಕ್ಕಿ, ಬೆಲ್ಲ, ತಕ್ಕಡಿ, ಪತ್ರಿಕೆಗಳ ಕಟ್ಟು, ನನ್ನ ಹಾಸಿಗೆ, ಎಲ್ಲವನ್ನೂ ಹೊಳೆಬದಿಗೆ ಸಾಗಿಸಿದೆವು. ದುಗ್ಗಮ್ಮಕ್ಕನನ್ನು ಗುರಿಕಾರ ತನ್ನ ಮನೆಯ ಒಳ್ಳೆಯ ಕೋಣೆಗೆ ಕರೆದೊಯ್ದ. ಅಲ್ಲಿ ಅತಿಯಾದ ಆರೈಕೆಗೆ ಅವರಿಗೆ ಮತ್ತೆ ಜ್ವರ ಬಂತು. ಮೊಗ್ಗುಗಳು ಬಿಳಿಯಾಗುತ್ತಿದ್ದವು, ಅವರು ಕಣ್ಣು ತೆರೆಯುತ್ತಿರಲಿಲ್ಲ. ಊರಿನಲ್ಲಿ ಒಲೆ ಹತ್ತಿಸುವುದಕ್ಕೂ ಯಾರಿಗೂ ಮನಸ್ಸಿರಲಿಲ್ಲ. ಶೇಷಪ್ಪ ಅಂಗಡಿಯ ಖಾಲಿ ಕಟ್ಟೆಯ ಮೇಲೆ ಕೂತಿದ್ದ. ಯಾರೂ ಅವನ ಮುಖ ನೋಡುತ್ತಿರಲಿಲ್ಲ, ಅದರಲ್ಲಿ ಆಸೆ ಕಂಡುಬಿಟ್ಟರೆ ಎಂಬ ಹೆದರಿಕೆಗೆ. ನಾನು ನೋಡಿದೆ. ಅಳುತ್ತಿದ್ದ. ಯಾವುದಕ್ಕೆಂದು ಅವನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಆ ಬೆಳಿಗ್ಗೆ ಬಿಸಿ ಗಂಜಿತಿಳಿಯಂಥ ಪರಿಮಳಕ್ಕೆ ಎಚ್ಚರವಾಯಿತು. ಹೂ ಬಿಟ್ಟಿತ್ತು. ಓಡಿಹೋದರೆ ಗುರಿಕಾರನ ಅಂಗಳದಲ್ಲಿ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಒಳಗಿಂದ ಧ್ವನಿ ಕೇಳಿತು:

"ಜಲಜ, ಕನ್ನಡಿ ಕೊಡು. ಇಷ್ಟು ಜನರ ಎದುರು ತಲೆ ಬಾಚದೆ ಹೋಗ್ಲಿಕ್ಕೆ ಆಗ್ತದಾ?"

ದೀಪಸ್ತಂಭದಿಂದ ಶುರುಮಾಡಿದರು. ಒಂದು ಕೈ ಜಲಜನ ಹೆಗಲಿಗೆ, ಇನ್ನೊಂದರಲ್ಲಿ ಕೋಲು. ಪ್ರತಿ ಗಿಡದ ಬಳಿ ಮನೆಯವರು ದಿಬ್ಬಣಕ್ಕೆ ಕಾಯುವವರ ಹಾಗೆ ನಿಂತಿದ್ದರು. ದುಗ್ಗಮ್ಮಕ್ಕ ಬಾಗಿ, ಆರಿಸಿ, ಒಂದು ಹೂ ಕಿತ್ತು ಕೊಡುತ್ತಿದ್ದರು. ಜಲಜ ಅದನ್ನು ಹಿಡಿಯಷ್ಟು ಕೂದಲಿಗೆ ನೂಲಿನಿಂದ ಕಟ್ಟುತ್ತಿದ್ದಳು. ಕಟ್ಟಿದ ಮೇಲೆ ಆ ಮನೆಯವರು ನೆಲದ ಮೇಲೆ ಕೂತುಬಿಡುತ್ತಿದ್ದರು. ಗುರಿಕಾರನ ಗಿಡದ ಬಳಿ ದುಗ್ಗಮ್ಮಕ್ಕ ಕೈ ಹಿಂದೆಗೆದರು.

"ಇದು ಬಾಡಿದ ಹಾಗೆ ಉಂಟಲ್ಲ ಬಾಬಣ್ಣ?"

"ಇಲ್ಲ ದುಗ್ಗಮ್ಮಕ್ಕ, ನಿಮ್ಮ ದಮ್ಮಯ್ಯ, ಇದು ನೋಡಿ, ಇದು ಚೆನ್ನಾಗಿದೆ."

"ನಿನ್ನ ಹಲ್ವ ಚೆನ್ನಾಗಿತ್ತು," ಎಂದು ಕಿತ್ತುಕೊಂಡರು.

ಮೂಲೆಯ ಗಿಡ ಸದ್ದಿಲ್ಲದೆ ಹೋಯಿತು. ಎಲೆಗಳು ಒಮ್ಮೆಗೇ ಬಿಚ್ಚಿಕೊಂಡವು, ಗಿಡ ಮಗ್ಗುಲಾಯಿತು, ಅದರ ಹಿಂದೆಯೇ ಅಂಗಡಿಯ ಕಟ್ಟೆ, ಜಗಲಿ, ವಾಚನಾಲಯದ ಕಿಟಕಿ, ಹೆಂಚಿನ ಮಾಡು, ಬಾವಿಯ ಮೆಟ್ಟಿಲು ಬೂದಿಯ ಸಮೇತ, ಒಂದೊಂದಾಗಿ ನೀರಿಗೆ ಇಳಿದವು. ಗುರಿಕಾರನ ಅಂಗಳದ ಅಂಚಿಗೆ ಬಂದು ಮರಳು ನಿಂತಿತು. ಗುಂಪಿನ ಹಿಂದೆ ಕೂತಿದ್ದ ಶೇಷಪ್ಪ ಎದ್ದು ಬಂದು ಅತ್ತೆಯ ಪಕ್ಕ ನಿಂತ. ಅವರು ಅವನನ್ನು ಬೈಯಲಿಲ್ಲ. ಹೆಂಚು ತೇಲುವುದಿಲ್ಲ ಎಂದು ಗೊತ್ತಿದ್ದರೂ ಬಹಳ ಹೊತ್ತು ನೀರನ್ನೇ ನೋಡಿದರು. ತಲೆಯ ಹೂವಿನ ಭಾರಕ್ಕೆ ಕುತ್ತಿಗೆ ಸ್ವಲ್ಪ ವಾಲಿತ್ತು.

ಇನ್ನು ಮುಗಿಯಿತು ಎಂದು ಊರು ಉಸಿರು ಬಿಡುತ್ತಿತ್ತು. ಈಗ ಅವರು ಯಾವಾಗ ಬೇಕಾದರೂ ಹೋಗಬಹುದು, ಯಾರಿಗೂ ನಷ್ಟವಿಲ್ಲ. ಅದನ್ನು ಅವರು ಆ ಮುಖಗಳಲ್ಲಿ ಓದಿಕೊಂಡರೆಂದು ಕಾಣುತ್ತದೆ. ತಿರುಗಿ, ಗುರಿಕಾರನ ಗಿಡದ ಮುಂದೆ ಕೋಲೂರಿ, ಮೆಲ್ಲಗೆ ಬಗ್ಗಿದರು.

"ಬರುವ ವರ್ಷವೂ..." ಎಂದು ಶುರುಮಾಡಿದರು.

"ಬೇಡ ದುಗ್ಗಮ್ಮಕ್ಕ!" ಗುರಿಕಾರ ಪಂಚೆ ಎತ್ತಿಕೊಂಡು ಓಡಿ ಬಂದ. "ಬೇಡ, ಬೇಡ, ನಿಮ್ಮ ಕಾಲಿಗೆ ಬೀಳ್ತೇನೆ!"

ಗಿಡ ಹೂಂ ಎಂದಿತು.